ಕೆಳಗಿನ ಪಟ್ಟಿ

ದೋಣಿಮನೆಯ ಪ್ರವಾಸದಿಂದ ಬಂದು ಒಂದು ವಾರ ಕಳೆದ ಮೇಲೆ ಆ ಮನೆಯಲ್ಲಿ ಊಟಕ್ಕೆ ತಟ್ಟೆ ನಾಲ್ಕು ಬೀಳುತ್ತಿದ್ದವು, ಮಾತು ಮಾತ್ರ ಒಂದೇ ಬಾಯಿಂದ ಬರುತ್ತಿತ್ತು. ಅದೂ ಐದು ವರ್ಷದ ಬಾಯಿ.

“ಬಟಾಣಿ, ನಿಮ್ಮಪ್ಪನಿಗೆ ಅನ್ನ ಬೇಕಾ ಕೇಳು.”

“ಅಪ್ಪಾ, ಅನ್ನ ಬೇಕಾ?”

“ಸಾಕು ಅಂತ ಹೇಳು.”

“ಅಮ್ಮಾ, ಸಾಕಂತೆ. ಆದ್ರೆ ತಟ್ಟೇಲಿ ಏನೂ ಇಲ್ಲಮ್ಮ, ಸುಳ್ಳು ಹೇಳ್ತಿದಾರೆ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆಯೆಲ್ಲ ನಗುತ್ತಿತ್ತು. ಸೊಸೆ ಸೌಟನ್ನು ಪಾತ್ರೆಗೆ ಹಾಕಿ ಎದ್ದು ಹೋದಳು. ಮಗ ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಾ ಕುಳಿತ. ಮಗುವಿನ ಅಜ್ಜಿ ಟೈಲರಮ್ಮ ತನ್ನ ತಟ್ಟೆಯಲ್ಲಿದ್ದ ಆಲೂಗಡ್ಡೆಯ ಹೋಳುಗಳನ್ನು ಮಗನ ತಟ್ಟೆಗೆ ಸರಿಸಿದಳು. ಅವಕ್ಕೂ ಆತ ಕೈ ಹಾಕಲಿಲ್ಲ.

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದೇ ಟೈಲರಮ್ಮ ಅಂತ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿಸಿ ಇಟ್ಟ ಹೊಲಿಗೆ ಮಿಷನ್ನಿನ ಮುಂದೆ ನಲವತ್ತು ವರ್ಷ ಕುಳಿತವಳು. ಈಗೀಗ ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಅಂಗಡಿಯಿಂದ ತಂದ ರೆಡಿಮೇಡನ್ನು ಹಿಡಿಸಲು, ಬಿಡಿಸಲು, ಮೋಟು ಮಾಡಿಸಲು ಬರುವವರೇ ಹೆಚ್ಚು. “ರೆಡಿಮೇಡ್ ಅಂದ್ರೆ ಯಾರ ಅಳತೇನೂ ತಗೊಳ್ಳದೆ ಎಲ್ಲರಿಗೂ ಹೊಲಿದದ್ದು. ಎಲ್ಲರಿಗೂ ಹೊಲಿದದ್ದು ಯಾರಿಗೂ ಆಗಲ್ಲ” ಅನ್ನುವುದು ಆಕೆಯ ಮಾತು. ಆಕೆಯ ಕೈಚಳಕ ಹೊಲಿಯುವುದಕ್ಕಿಂತ ಬಿಚ್ಚುವುದರಲ್ಲಿ. ಹಳೇ ಹೊಲಿಗೆಯನ್ನು ಎಳೆ ಎಳೆಯಾಗಿ ತೆಗೆದು, ಸೂಜಿ ಹಾಯ್ದ ತೂತುಗಳನ್ನು ಉಗುರಿನಿಂದ ಸವರಿ ಮುಚ್ಚಿಬಿಟ್ಟರೆ, ಅಲ್ಲೊಂದು ಹೊಲಿಗೆ ಇತ್ತು ಅಂತ ಹೊಲಿದವನಿಗೇ ಗುರುತು ಸಿಗುತ್ತಿರಲಿಲ್ಲ.

ಮಗ ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ. ಸೊಸೆ ಔಷಧಿ ಅಂಗಡಿಯಲ್ಲಿ ನಿಂತು ಮಾತ್ರೆ ಎಣಿಸಿ ಕೊಡುತ್ತಿದ್ದಳು. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆ. ಅಲ್ಲಿಯವರೆಗೆ ಬಟಾಣಿ ಅಜ್ಜಿಯ ಮಿಷನ್ನಿನ ಕೆಳಗೆ, ಚಿಂದಿ ಬಟ್ಟೆಯ ರಾಶಿಯಲ್ಲಿ. ಗಂಡ ತೀರಿಕೊಂಡ ಮೇಲೆ ಟೈಲರಮ್ಮನಿಗೆ ಹಗಲು ಅನ್ನುವುದೇನಾದರೂ ಉಳಿದಿದ್ದರೆ ಅದು ಆ ಮಗು.

ಮೂರು ದಿನದ ದೋಣಿಮನೆಯ ಪ್ರವಾಸ ಸೊಸೆಯ ಆಸೆ. ಗೊತ್ತು ಮಾಡುವ ಮುಂಚೆ ಆಕೆ ದೋಣಿಯ ಮಾಲೀಕನಿಗೆ ನಾಲ್ಕು ಸಲ ಫೋನು ಮಾಡಿದ್ದಳು. ಕಟಕಟೆ ಎಷ್ಟೆತ್ತರ, ಮಕ್ಕಳಿಗೆ ಬೇರೆ ಲೈಫ್ ಜಾಕೆಟ್ ಇದೆಯೇ, ಅಡುಗೆಯ ಗ್ಯಾಸು ಎಲ್ಲಿಡುತ್ತೀರಿ, ದೋಣಿ ನಡೆಸುವವರಿಗೆ ಈಜು ಬರುತ್ತದೆಯೇ.

“ದೋಣಿ ನಡೆಸೋನಿಗೆ ಈಜು ಬರುತ್ತಾ ಅಂತ ಕೇಳ್ತಾಳಲ್ಲಪ್ಪ ನಿನ್ನ ಹೆಂಡ್ತಿ! ನನಗೆ ಸೂಜಿಗೆ ದಾರ ಪೋಣಿಸೋಕೆ ಬರುತ್ತಾ ಅಂತ ಯಾರಾದ್ರೂ ಕೇಳಿದಾರಾ?” ಅಂತ ಟೈಲರಮ್ಮ ನಕ್ಕಿದ್ದಳು.

“ಅತ್ತೆ, ಕೇಳಿದ್ರೆ ಬಾಯಿ ಸವೆಯಲ್ಲ” ಅಂದಿದ್ದಳು ಸೊಸೆ.

ದೋಣಿ ನಡೆಸುವವನಿಗೆ ಟೈಲರಮ್ಮನದೇ ವಯಸ್ಸು. ಬಟಾಣಿ ಹತ್ತಿದ ಗಳಿಗೆಯಲ್ಲೇ ಅವನಿಗೆ ಚುಕ್ಕಾಣಿ ತಾತ ಅಂತ ಹೆಸರಿಟ್ಟುಬಿಟ್ಟಳು. ಕಟ್ಟಿದ ಹಗ್ಗ ಬಿಚ್ಚುವ ಮುಂಚೆ ಆತ ನಾಲ್ವರನ್ನೂ ಸಾಲಾಗಿ ನಿಲ್ಲಿಸಿದ. ಶಾಲೆ ಮೇಷ್ಟರ ಹಾಗೆ ಒಬ್ಬೊಬ್ಬರ ಜಾಕೆಟನ್ನೂ ಎಳೆದೆಳೆದು ನೋಡಿದ. ಮಗ ಸೊಸೆ ತಮ್ಮ ತಮ್ಮ ಬೆಲ್ಟು ಬಿಗಿಯುವುದರಲ್ಲಿದ್ದಾಗ, ಆತ ಬಟಾಣಿಯ ಮುಂದೆ ಮಂಡಿಯೂರಿ ಕುಳಿತು, ಜಾಕೆಟಿನ ಬೆನ್ನಿನಿಂದ ತೊಡೆಗಳ ನಡುವೆ ಹಾಯ್ದು ಮುಂದೆ ಬಂದು ಬಕಲಿಗೆ ಸೇರುವ ಪಟ್ಟಿಯನ್ನು ಬಿಗಿ ಮಾಡಿದ.

“ನೋಡ್ರಮ್ಮ, ಎಲ್ಲಕ್ಕಿಂತ ಮುಖ್ಯ ಈ ಕೆಳಗಿನ ಪಟ್ಟಿ. ಮಕ್ಕಳಿಗೆ ಭುಜ ಅನ್ನೋದೇ ಇರಲ್ಲ. ನೀರಿಗೆ ಬಿದ್ರೆ ಜಾಕೆಟ್ ಮೇಲೆ ಏಳುತ್ತೆ, ಮಗು ಕೆಳಗೆ ಜಾರುತ್ತೆ. ಈ ಪಟ್ಟಿ ಇದ್ರೆ ಇಬ್ಬರೂ ಜೊತೇಲಿರ್ತಾರೆ. ಇನ್ನೊಂದು, ದಡ ಬಂತು ಅಂತ ಯಾರೂ ಮೈಮರೀಬೇಡಿ. ನಡು ನೀರಲ್ಲಿ ಬಿದ್ದವರನ್ನ ನಾನು ಕಂಡಿಲ್ಲ. ಬೀಳೋರೆಲ್ಲ ದಡದಲ್ಲೇ ಬೀಳೋದು. ಇಳಿಯುವಾಗ ಮಗೂ ಕೈ ಬಿಡಬೇಡಿ.”

ಟೈಲರಮ್ಮ ಎರಡು ಕಿವಿಯಿಂದಲೂ ಈ ಮಾತು ಕೇಳಿದಳು. ಕೇಳಲಿಲ್ಲ ಅಂತ ಆಮೇಲೆ ಹೇಳಿಕೊಳ್ಳುವುದಕ್ಕೂ ಆಕೆಗೆ ದಾರಿ ಉಳಿಯಲಿಲ್ಲ.

ಎರಡನೇ ದಿನ ಮಧ್ಯಾಹ್ನ ಮಗು ಅಳತೊಡಗಿತು. ಬೆವರಿಗೂ ಒದ್ದೆಗೂ ಆ ಒರಟು ಪಟ್ಟಿ ಉಜ್ಜಿ ಉಜ್ಜಿ ತೊಡೆಯ ಸಂದು ಕೆಂಪಾಗಿತ್ತು. ಸೊಸೆ ಒಳಗೆ ಮಲಗಿದ್ದಳು, ಮಗ ಮಾಳಿಗೆಯ ಮೇಲೆ ಗಾಳಿಗೆ ಕುಳಿತಿದ್ದ. ಟೈಲರಮ್ಮ ಕೊಬ್ಬರಿ ಎಣ್ಣೆ ಹಚ್ಚಿದಳು. ಜಾಕೆಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಂಥ ಹೊಲಿಗೆಯಪ್ಪ ಇದು, ಅಂಚು ಮಡಿಸಿಲ್ಲ, ಕೂಸಿನ ಮೈಗೆ ತಾಗುವ ಕಡೆ ಒಂದು ತುಂಡು ಮೆತ್ತನೆಯ ಬಟ್ಟೆ ಇಟ್ಟಿಲ್ಲ. ಪಟ್ಟಿಯನ್ನು ಬರೀ ಬಕಲಿನಿಂದ ಕಳಚಿಬಿಟ್ಟರೆ ಅದು ಕಾಲಿಗೆ ತೊಡರುತ್ತದೆ, ಜೊತೆಗೆ ಆ ಚುಕ್ಕಾಣಿಯವನು ಕಂಡರೆ ಮತ್ತೆ ಬಂದು ಸಿಕ್ಕಿಸುತ್ತಾನೆ. ಸೂಜಿ ದಾರದ ಚೀಲ ಆಕೆ ಎಲ್ಲಿ ಹೋದರೂ ಜೊತೆಗೇ. ಸಣ್ಣ ಕತ್ತರಿ ತೆಗೆದಳು. ಬೆನ್ನಿನ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಚ್ಚಿದಳು, ಮುಂದಿನ ಬಕಲಿನ ಹೊಲಿಗೆಯನ್ನೂ ಬಿಚ್ಚಿ ತೆಗೆದಳು, ತೂತುಗಳನ್ನು ಉಗುರಿನಿಂದ ಸವರಿದಳು. ಅಕ್ಕಪಕ್ಕದ ಬೆಲ್ಟುಗಳನ್ನು ಎಳೆದು ಬಿಗಿ ಮಾಡಿ ಮಗುವಿಗೆ ತೊಡಿಸಿದರೆ, ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

“ಈಗ ನೋವಾಗುತ್ತಾ?”

“ಇಲ್ಲಜ್ಜಿ.”

“ಅಮ್ಮಂಗೆ ಹೇಳ್ಬೇಡ. ಇಳಿಯೋ ಹೊತ್ತಿಗೆ ಮತ್ತೆ ಹೊಲಿದು ಕೊಟ್ಟುಬಿಡ್ತೀನಿ.”

ಮರುದಿನ ಬೆಳಿಗ್ಗೆ ದೋಣಿ ದಡ ಮುಟ್ಟುವಾಗ ಆಕೆ ಒಳಗೆ ಬಟ್ಟೆ ಮಡಿಸುತ್ತಿದ್ದಳು. ಹೊಲಿಯಬೇಕು ಅನ್ನುವುದು ಮರೆತೇ ಹೋಗಿತ್ತು. ಮಗ ಮಗುವಿನ ಕೈ ಹಿಡಿದು ಇಳಿಯುವ ಹಲಗೆಯ ಹತ್ತಿರ ನಿಂತಿದ್ದ. ಅಂಚಿನಲ್ಲಿಟ್ಟಿದ್ದ ಬಟ್ಟೆಯ ಚೀಲ ಇನ್ನೇನು ನೀರಿಗೆ ಜಾರಬೇಕು, ಅದನ್ನು ಹಿಡಿಯಲು ಒಂದು ಗಳಿಗೆ ಆ ಕೈ ಬಿಟ್ಟ. ದೋಣಿ ಕಟ್ಟೆಗೆ ತಾಗಿ ಜೋಲಿ ಹೊಡೆಯಿತು. ಮಗು ದೋಣಿಗೂ ಕಟ್ಟೆಗೂ ನಡುವೆ ಬಿತ್ತು.

ಎಲ್ಲರೂ ಓಡಿ ಬಂದು ಬಗ್ಗಿ ನೋಡಿದಾಗ ನೀರಿನ ಮೇಲೆ ಇದ್ದದ್ದು ಬರೀ ಜಾಕೆಟ್ಟು. ಬೆಲ್ಟು ಬಿಗಿದ ಹಾಗೇ ಇತ್ತು, ಒಳಗೆ ಮಗು ಇರಲಿಲ್ಲ.

ಚುಕ್ಕಾಣಿ ತಾತ ಚಪ್ಪಲಿ ಸಮೇತ ಹಾರಿದ. ಎರಡು ಸಲ ಮುಳುಗಿ ಬರಿಗೈಲಿ ಎದ್ದ. ಮೂರನೇ ಸಲ ಎದ್ದಾಗ ಕೂದಲು ಹಿಡಿದು ಎತ್ತಿಕೊಂಡೇ ಬಂದ. ಸೊಸೆ ಔಷಧಿ ಅಂಗಡಿಯಲ್ಲಿ ಕಲಿತದ್ದೋ ಏನೋ, ಮಗುವಿನ ಬಾಯಿಗೆ ಬಾಯಿಟ್ಟು ಊದಿದಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಟಾಣಿ ಮನೆಗೆ ಬಂದಳು. ಉಳಿಯಿತು, ಮಗು ಉಳಿಯಿತು. ಆದರೆ ತಲೆಗೆ ಒಂದು ಚೊಂಬು ನೀರು ಹುಯ್ಯಲು ಹೋದರೂ ಬಾತ್‌ರೂಮಿನ ಬಾಗಿಲನ್ನು ಎರಡು ಕೈಯಲ್ಲೂ ಹಿಡಿದು ಚೀರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೇ ಸ್ನಾನವಾಯಿತು.

ಮೊದಲ ವಾರವೆಲ್ಲ ಗಂಡ ಹೆಂಡತಿಯ ಜಗಳ, ಆಮೇಲೆ ಮಾತೇ ನಿಂತಿತು.

“ಚೀಲ ನೆನೆದಿದ್ರೆ ಒಣಗ್ತಿತ್ತು” ಅಂದಳು ಸೊಸೆ. ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಾ, ತಲೆ ಎತ್ತದೆ.

“ಒಂದು ಗಳಿಗೆ ಕಣೇ. ಬೇಕಂತ ಬಿಟ್ಟೆನಾ?”

“ಅವರು ಹೇಳಿದ್ದೂ ಅದೊಂದೇ ಗಳಿಗೆ. ಇಳಿಯುವಾಗ ಬಿಡಬೇಡಿ ಅಂತ.”

“ಜಾಕೆಟ್ ಸರಿ ಇದ್ದಿದ್ರೆ ಬಿದ್ರೂ ತೇಲ್ತಿದ್ಲು! ಮಾಲೀಕ ನನ್ನೆದುರಿಗೇ ನೋಡಿದ, ಅದಕ್ಕೆ ಪಟ್ಟೀನೇ ಇಲ್ಲ. ಎಲ್ಲರದನ್ನೂ ಎಳೆದೆಳೆದು ನೋಡೋ ನಾಟಕ ಮಾಡಿದ್ನಲ್ಲ ಆ ಮುದುಕ, ಪಟ್ಟಿ ಇಲ್ಲದ ಜಾಕೆಟ್ ಹಾಕಿದಾನೆ. ಬಿಡಲ್ಲ ನಾನು, ಬರೆದು ಕೊಡ್ತೀನಿ.”

“ಬರೆದು ಕೊಡಿ. ನಿಮ್ಮ ಕೈ ಏನು ಮಾಡ್ತಿತ್ತು ಅಂತಾನೂ ಬರೀರಿ.”

ಮಗ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಸೊಸೆ ಮೊರವನ್ನು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

“ಅತ್ತೆ, ಈ ಮನೇಲಿ ನಾನು ಮಗೂನ ನಂಬಿ ಬಿಡೋದು ನಿಮ್ಮೊಬ್ಬರ ಹತ್ರ. ನೀವಿಲ್ಲದಿದ್ರೆ ನಾನು ಕೆಲಸಕ್ಕೂ ಹೋಗ್ತಿರಲಿಲ್ಲ.”

ಆ ಮಾತೇ ಟೈಲರಮ್ಮನ ಬಾಯಿಗೆ ಬೀಗ ಹಾಕಿತು. ಅಲ್ಲಿಯವರೆಗೆ ಇವತ್ತು ಹೇಳುತ್ತೇನೆ, ಮಗುವಿಗೆ ಜ್ವರ ಬಿಡಲಿ ಹೇಳುತ್ತೇನೆ ಅಂತ ದಿನ ದೂಡಿದ್ದಳು. ಈಗ ಹೇಳಿದರೆ ಹಗಲು ಖಾಲಿ. ಮಿಷನ್ನಿನ ಕೆಳಗೆ ಬರೀ ಚಿಂದಿ. ಬಿಸಿ ತುಪ್ಪ ಬಾಯಿಗೆ ಬಿದ್ದವರ ಪಾಡು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಬೇಳೆಯಲ್ಲಿದ್ದ ಒಂದು ಕಲ್ಲನ್ನು ಆರಿಸಿ ಕಿಟಕಿಯಾಚೆ ಎಸೆದು, “ಅಳಬೇಡ, ಎದ್ದೇಳು” ಅಂದಳು, ಅಷ್ಟೇ.

ಎರಡನೇ ವಾರ ಭಾನುವಾರ ದೋಣಿಯ ಮಾಲೀಕ ಬಂದ. ಕೈಯಲ್ಲಿ ಹಣ್ಣಿನ ಪೊಟ್ಟಣ, ಮಗುವಿಗೊಂದು ಬಟ್ಟೆಯ ಮೊಲ. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದ:

“ನಿಮ್ಮ ಕಾಗದ ಬಂತು ಸಾರ್. ನೀವು ಬರೆದದ್ದು ನ್ಯಾಯವಾಗಿದೆ. ಆ ಮನುಷ್ಯನ್ನ ಕೆಲಸದಿಂದ ತೆಗೆದೆ.”

“ಅವರೇ ಅಲ್ವಾ ನೀರಿಗೆ ಹಾರಿದ್ದು?” ಅಂದಳು ಸೊಸೆ. “ಅವರನ್ನೇ ಕಳಿಸಿಬಿಟ್ರಾ?”

“ಏನು ಮಾಡೋದಮ್ಮ? ಮೂವತ್ತು ವರ್ಷದಿಂದ ನಮ್ಮಲ್ಲೇ ಇದ್ದವರು. ಮೊದಲು, ಇಲ್ಲ, ನಾನು ಪಟ್ಟಿ ಕಟ್ಟಿದ್ದೆ, ಚೆನ್ನಾಗಿ ಜ್ಞಾಪಕ ಇದೆ ಅಂದ್ರು. ಜಾಕೆಟ್ ತಂದು ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ್ರು. ಹರಿದದ್ದಿಲ್ಲ, ಕಿತ್ತದ್ದಿಲ್ಲ, ಅಲ್ಲಿ ಪಟ್ಟಿ ಇತ್ತು ಅನ್ನೋ ಗುರುತೇ ಇಲ್ಲ. ಆಮೇಲೆ ಅವರೇ ಹೇಳಿದ್ರು, ಕಣ್ಣು ಮಂಜಾಗಿರಬೇಕು, ಕಟ್ಟದೇ ಕಟ್ಟಿದೆ ಅಂದ್ಕೊಂಡಿದೀನಿ, ಇನ್ನು ನಾನು ಜನರನ್ನ ನೀರಿಗೆ ಕರ್ಕೊಂಡು ಹೋಗಬಾರದು ಅಂತ.”

ಟೈಲರಮ್ಮ ಚಹಾದ ಲೋಟ ಕೊಡಲು ಬಂದವಳು ಅಲ್ಲೇ ನಿಂತಳು. ಗುರುತೇ ಇಲ್ಲ. ನಲವತ್ತು ವರ್ಷ ಯಾವ ಮಾತು ಕೇಳಿದರೆ ಆಕೆಗೆ ಎದೆ ಉಬ್ಬುತ್ತಿತ್ತೋ ಅದೇ ಮಾತು.

“ತಪ್ಪು ಒಪ್ಕೊಂಡ್ರಲ್ಲ, ದೊಡ್ಡ ಮನುಷ್ಯ ಬಿಡಿ” ಅಂದ ಮಗ. ಎಷ್ಟೋ ದಿನದ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ.

“ಚಹಾ ಆರುತ್ತೆ, ಕುಡೀರಿ” ಅಂದಳು ಟೈಲರಮ್ಮ. ಮಾಲೀಕನಿಗೆ ಆ ದಿನ ಆಕೆ ಹೇಳಿದ್ದು ಇಷ್ಟೇ ಮಾತು. ಹೇಳಬೇಕಾದ ಕಡೆ ಹೇಳದೆ ಬಿಟ್ಟ ಮಾತು ಆಮೇಲೆ ಎಷ್ಟು ದೂರ ನಡೆಸುತ್ತದೆ ಅಂತ ಆಗ ಯಾರಿಗೆ ತಿಳಿದೀತು?

ಇನ್ನೂ ಒಂಬತ್ತು ದಿನ ಕಳೆಯಿತು. ಮಿಷನ್ ಓಡಿತು, ದಾರ ಮೂರು ಸಲ ತುಂಡಾಯಿತು. ಮೂಲೆಮನೆಯಾಕೆ ಬಂದು, “ಏನು ಟೈಲರಮ್ಮ, ನನ್ನ ಲಂಗದ ಅಂಚು ಹಾವು ಹರಿದ ಹಾಗೆ ಹೋಗಿದೆ” ಅಂದು ಬಟ್ಟೆ ವಾಪಸು ಕೊಟ್ಟಳು. ಬಿಚ್ಚಿ ಮತ್ತೆ ಹೊಲಿದಳು.

ಒಂದು ಮಧ್ಯಾಹ್ನ ಬಟಾಣಿ ಮಿಷನ್ನಿನ ಕೆಳಗೆ ಕುಳಿತು ಮೊಲಕ್ಕೆ ಚಿಂದಿ ಬಟ್ಟೆ ಸುತ್ತುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಹೊರಗೆ ಹಾಕಿ ಅಂದಳು:

“ಅಜ್ಜಿ, ನಾನು ಯಾರಿಗೂ ಹೇಳಿಲ್ಲ.”

“ಏನು ಪುಟ್ಟಾ?”

“ಪಟ್ಟಿ ಕತ್ತರಿಸಿದ್ದು. ಅಮ್ಮ ಕೇಳಿದ್ಲು, ತಾತ ಪಟ್ಟಿ ಕಟ್ಟಿದ್ರಾ ನಿಂಗೆ ಅಂತ. ಗೊತ್ತಿಲ್ಲ ಅಂದೆ. ಅಪ್ಪಾನೂ ಕೇಳಿದ್ರು. ಗೊತ್ತಿಲ್ಲ ಅಂದೆ.” ಮಗು ಕಣ್ಣರಳಿಸಿ ನೋಡಿತು. “ಜಾಣೆ ಅಲ್ವಾ ನಾನು?”

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಬಗ್ಗಿ ಮಗುವಿನ ಕೂದಲಿಗೆ ಅಂಟಿದ್ದ ದಾರದ ಎಳೆ ತೆಗೆದಳು. “ಇನ್ನು ಮೇಲೆ ಕೇಳಿದ್ರೆ ಹೇಳಿಬಿಡು. ಇವತ್ತು ನಾನೇ ಹೇಳ್ತೀನಿ” ಅಂದಳು.

ಸಂಜೆ ಊಟಕ್ಕೆ ಕುಳಿತಾಗ ಸೂಜಿ ದಾರದ ಚೀಲ ತಂದು, ಪಟ್ಟಿಯನ್ನು ತೆಗೆದು ಅನ್ನದ ಪಾತ್ರೆಯ ಪಕ್ಕ ಇಟ್ಟಳು.

“ಏನಮ್ಮ ಅದು?” ಅಂದ ಮಗ.

“ಜಾಕೆಟ್ಟಿನದು. ಅವರು ಕಟ್ಟಿದ್ರು. ನಾನು ಬಿಚ್ಚಿದೆ.”

ಎಲ್ಲವನ್ನೂ ಹೇಳಿದಳು. ಕೆಂಪಾದ ತೊಡೆ, ಎಣ್ಣೆ, ಕತ್ತರಿ, ಮಗುವಿಗೆ ಹೇಳಿಕೊಟ್ಟ ಸುಳ್ಳು, ಮಾಲೀಕ ಬಂದ ದಿನ ಕೊಟ್ಟ ಚಹಾ. ಹೇಳಿ ಮುಗಿಸುವ ಹೊತ್ತಿಗೆ ಅನ್ನ ಆರಿತ್ತು.

ಮೊದಲು ಬಾಯಿ ಬಿಟ್ಟವನು ಮಗ. “ಈಗ್ಯಾಕಮ್ಮ ಹೇಳಿದೆ? ಅವರೇ ಒಪ್ಕೊಂಡು, ಎಲ್ಲಾ ಮುಗಿದು ಹೋಗಿತ್ತು. ನಾನು ಬರೆದು ಕೊಟ್ಟಿದೀನಲ್ಲ, ನನ್ನ ಮುಖ ಎಲ್ಲಿಡಲಿ?”

“ನಿಮ್ಮ ಮುಖ ಆಮೇಲೆ ಇಡೋಣ” ಅಂದಳು ಸೊಸೆ.

ಆ ಜಗಳ ನಿಂತ ಮೇಲೆ ಗಂಡನ ಜೊತೆ ಆಕೆ ನೇರವಾಗಿ ಆಡಿದ ಮಾತು ಅದೇ ಮೊದಲನೆಯದು. ಪಟ್ಟಿಯನ್ನು ಕೈಗೆತ್ತಿಕೊಂಡು ತುದಿಯಿಂದ ತುದಿಗೆ ಬೆರಳಾಡಿಸಿದಳು. ಅತ್ತೆಯ ಕಡೆ ನೋಡಲಿಲ್ಲ. ಬೈಗುಳಕ್ಕೆ ಟೈಲರಮ್ಮ ಸಿದ್ಧವಾಗಿ ಕುಳಿತಿದ್ದಳು, ಅಳುವಿಗೂ ಸಿದ್ಧವಾಗಿದ್ದಳು. ಸೊಸೆ ಎದ್ದು ಅನ್ನವನ್ನು ಮತ್ತೆ ಬಿಸಿ ಮಾಡಿ ತಂದಳು. ಎಲ್ಲರಿಗೂ ಬಡಿಸಿದಳು. ಗಂಡನ ತಟ್ಟೆ ನೋಡಿ, “ಇನ್ನೊಂದು ಸೌಟು ಹಾಕ್ಲಾ?” ಅಂದಳು. ಅವನು ತಲೆಯಾಡಿಸಿದ. ಊಟವಾದ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ ಮೆಲ್ಲಗೆ ಹೇಳಿದಳು:

“ಅತ್ತೆ, ಸೋಮವಾರದಿಂದ ಬಟಾಣೀನ ನಮ್ಮ ಅಂಗಡಿ ಪಕ್ಕದ ಶಿಶುವಿಹಾರಕ್ಕೆ ಬಿಡ್ತೀನಿ. ನಿಮಗೂ ವಯಸ್ಸಾಯ್ತು. ಕೆಲಸ ಹಗುರ ಆಗುತ್ತೆ.”

“ಆಗಲಿ” ಅಂದಳು ಟೈಲರಮ್ಮ. ಬೈದಿದ್ದರೆ ಎರಡು ದಿನ ಬಿಟ್ಟು ಸರಿಹೋಗುತ್ತಿತ್ತೋ ಏನೋ. ಇಷ್ಟು ಮರ್ಯಾದೆಯಾಗಿ ಹೇಳಿದ್ದು ಸರಿಹೋಗುವ ಮಾತಲ್ಲ.

ಮಾರನೇ ದಿನ ಮಗ ಮಾಲೀಕನಿಗೆ ಫೋನು ಮಾಡಿ ವಿಷಯ ಹೇಳಿದ. ಆ ಕಡೆಯಿಂದ ಬಂದ ಉತ್ತರ, ಆ ಜಾಗಕ್ಕೆ ಬೇರೆಯವರು ಬಂದು ಎರಡು ವಾರವಾಯಿತು, ಹೊಸಬರನ್ನು ಹೇಗೆ ಬಿಡಿಸಲಿ ಅಂತ. ಚುಕ್ಕಾಣಿ ತಾತ ಈಗ ಮಗಳ ಮನೆಯಲ್ಲಿದ್ದಾನೆ ಅಂತ ವಿಳಾಸ ಕೊಟ್ಟ.

“ನಾನು ಬರ್ಲಾ ಜೊತೆಗೆ?” ಅಂತ ಮಗ ಕೇಳಿದ. ಕೇಳಿದ ರೀತಿಯಲ್ಲೇ ಬೇಡ ಅನ್ನಲಿ ಅನ್ನುವ ಆಸೆ ಇತ್ತು.

“ಬೇಡ. ಬಿಚ್ಚಿದವಳು ನಾನೊಬ್ಬಳೇ” ಅಂದಳು.

ಶನಿವಾರ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ, ಕೇಳುತ್ತಾ ಕೇಳುತ್ತಾ ಹೋದಳು. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಬಾಗಿಲ ಮುಂದೆ ಚುಕ್ಕಾಣಿ ತಾತ ಸ್ಟೂಲಿನ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. ಮೂಗಿನ ಮೇಲೆ ಹೊಸ ಕನ್ನಡಕ, ಇನ್ನೂ ಒಗ್ಗದ ಹಾಗೆ ಪದೇ ಪದೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ. ಆಕೆಯನ್ನು ಕಂಡ ಕೂಡಲೇ ಎದ್ದು ನಿಂತ.

“ಮಗು ಹೇಗಿದೆಯಮ್ಮ?”

“ಚೆನ್ನಾಗಿದೆ.”

“ಊಟ ಸೇರುತ್ತಾ?”

“ಸೇರುತ್ತೆ. ನೀರು ಕಂಡ್ರೆ ಮಾತ್ರ ಹೆದರಿಕೆ.”

“ಹೋಗುತ್ತೆ ಬಿಡಿ. ಮೊದಲು ತಟ್ಟೇಲಿ ನೀರು ಕೊಟ್ಟು ಆಡೋಕೆ ಬಿಡಿ. ಆಮೇಲೆ ಬಕೆಟ್ಟು. ಅವಸರ ಮಾಡಬೇಡಿ.” ಆತ ತಲೆ ತಗ್ಗಿಸಿದ. “ನನ್ನಿಂದ ದೊಡ್ಡ ತಪ್ಪಾಯ್ತಮ್ಮ. ಬರಬೇಕು ಅಂದ್ಕೊಂಡೆ, ಮುಖ ತೋರಿಸೋಕೆ ಆಗಲಿಲ್ಲ.”

ಟೈಲರಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಉದುರಿ ಹೋಯಿತು.

“ನಿಮ್ಮಿಂದಲ್ಲ. ನೀವು ಕಟ್ಟಿದ್ರಿ. ಮಾರನೇ ಮಧ್ಯಾಹ್ನ ಆ ಪಟ್ಟಿ ಬಿಚ್ಚಿದ್ದು ನಾನು. ನಾನು ಟೈಲರು. ಗುರುತು ಸಿಗದ ಹಾಗೆ ಬಿಚ್ಚಿದೆ.”

ಆತ ಕನ್ನಡಕ ತೆಗೆದ. ಕಣ್ಣು ಕಿರಿದು ಮಾಡಿ ಆಕೆಯನ್ನೇ ನೋಡಿದ.

“ನಾನು ಕಟ್ಟಿದ್ದೆ?”

“ಕಟ್ಟಿದ್ರಿ. ಮಂಡಿಯೂರಿ ಕೂತು ಕಟ್ಟಿದ್ರಿ.”

“ಮಂಡಿಯೂರಿ” ಅಂದ ಆತ, ತನಗೆ ತಾನೇ ಹೇಳಿಕೊಂಡ ಹಾಗೆ. “ನನಗೂ ಹಾಗೇ ಜ್ಞಾಪಕ ಇತ್ತು. ದಿನಾ ಬೆಳಿಗ್ಗೆ ಎದ್ದು ಒಂದು ಕಣ್ಣು ಮುಚ್ಚಿ ಆ ಗೋಡೆ ನೋಡ್ತೀನಿ, ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲೂ ಕಾಣುತ್ತೆ. ಹಾಗಾದ್ರೆ ತಲೇನೇ ಕೆಟ್ಟಿರಬೇಕು ಅಂದ್ಕೊಂಡೆ. ಮೊಮ್ಮಗನ್ನ ಎತ್ಕೊಂಡು ರಸ್ತೆ ದಾಟೋದೂ ಬಿಟ್ಟೆ.”

ಬೈಯುತ್ತಾನೆ ಅಂತ ಆಕೆ ಕಾದಳು. ಆತ ಬೈಯಲಿಲ್ಲ. ಹೋಗಲಿ ಬಿಡಿ ಅಂತಲೂ ಅನ್ನಲಿಲ್ಲ.

“ಮಾಲೀಕರಿಗೆ ಹೇಳಿದೀವಿ” ಅಂದಳು. “ಆದ್ರೆ ಆ ಕೆಲಸ...”

“ಬೇರೆಯವನು ಬಂದಿದಾನಲ್ಲ. ಅವನಿಗೂ ಹೆಂಡ್ತಿ ಮಕ್ಕಳಿದಾರೆ, ಅವನನ್ನ ಎಬ್ಬಿಸೋದು ಬೇಡ.” ಆತ ಒಳಗೆ ತಿರುಗಿ ಕೂಗಿದ. “ಏ, ಬಾ ಇಲ್ಲಿ.”

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು.

“ಅಮ್ಮಾ, ಈಗ ಹೇಳಿದ್ದನ್ನ ಇವಳಿಗೂ ಹೇಳಿ.”

ಟೈಲರಮ್ಮ ಹೇಳಿದಳು. ಆ ಹೆಂಗಸು ಕೇಳಿ ಬಾಯಿಗೆ ಸೆರಗು ಮುಚ್ಚಿಕೊಂಡಳು. “ಮೂರು ವಾರ ಅನ್ನ ಬಿಟ್ರಲ್ಲೇ ತಾಯಿ ಇವರು” ಅಂದಳು. ತಾತ ರಿಪೇರಿ ಅಂಗಡಿಯಿಂದ ಅಳಿಯನನ್ನು ಕರೆಸಿದ. ಅಳಿಯ ಎಣ್ಣೆ ಕೈಯಲ್ಲೇ ಬಂದು ನಿಂತ. ಟೈಲರಮ್ಮ ಮತ್ತೆ ಹೇಳಿದಳು. ಅಳಿಯ ಆಕೆಯ ಮುಖ ನೋಡಲಿಲ್ಲ. ಮಾವನ ಮುಖ ನೋಡಿ, “ಮಾವ, ನಾನೂ ಅವತ್ತು ಒಂದು ಮಾತು ಅಂದುಬಿಟ್ಟೆ” ಅಂದ.

“ಅಂದೆ” ಅಂದ ತಾತ. “ಪಕ್ಕದ ಮನೆಯವಳೂ ಅಂದ್ಲು. ಮುದುಕರ ಕೈಗೆ ಮಕ್ಕಳ ಜೀವ ಕೊಡ್ತಾರಾ ಅಂತ, ನನಗೆ ಕೇಳೋ ಹಾಗೇ ಅಂದ್ಲು. ಅವಳನ್ನೂ ಕರಿ.”

“ಪಾಪ, ಆಯಮ್ಮ ಬಿಸಿಲಲ್ಲಿ ಬಂದಿದಾರೆ. ನೀರಾದ್ರೂ ಕುಡಿಯಲಿ” ಅಂದಳು ಹೆಂಡತಿ.

“ಕೊಡು. ಕುಡೀಲಿ. ಕುಡಿದು ಹೇಳ್ಲಿ.”

ಲೋಟ ಬಂತು. ಟೈಲರಮ್ಮ ಅರ್ಧ ಕುಡಿದು ಕೆಳಗಿಟ್ಟಳು. ಪಕ್ಕದ ಮನೆಯಾಕೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಳು. ಅವಳ ಹಿಂದೆ ಇನ್ನಿಬ್ಬರು, ಏನೋ ಗಲಾಟೆ ಅಂದುಕೊಂಡು ಬಂದವರು. ತಾತ ತಾನು ಕುಳಿತಿದ್ದ ಸ್ಟೂಲನ್ನು ಎತ್ತಿ ತಂದು ಟೈಲರಮ್ಮನ ಹಿಂದೆ ಇಟ್ಟ.

“ಕೂತ್ಕೊಂಡು ಹೇಳಿ ಅಮ್ಮ. ಇವರೆಲ್ಲ ಈಗ ಬಂದವರು. ಮೊದಲಿಂದ ಹೇಳಿ.”

ಆಕೆ ಕೂರಲಿಲ್ಲ. ನಿಂತುಕೊಂಡೇ ಮೊದಲಿನಿಂದ ಹೇಳತೊಡಗಿದಳು.